ಗುಂಡಿ ಹಾಕಿಕೊಳ್ಳಬಲ್ಲರು, ಎಳೆ ಹಿಡಿಯಲಾರರು: ಅಪ್ಪನ ಕಿಮೋ ಅರ್ಧಕ್ಕೆ ನಿಲ್ಲಿಸಬಹುದೇ?

ನೇಕಾರರ ಮಗಳು, ಇಳಕಲ್
ಭಾನುವಾರ, ರಾತ್ರಿ 10.40

ನಮಸ್ಕಾರ. ಇಲ್ಲಿ ಮೊದಲ ಬಾರಿ ಬರೆಯುತ್ತಿದ್ದೇನೆ. ಅಪ್ಪನಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಶಸ್ತ್ರಚಿಕಿತ್ಸೆ ಆಗಿದೆ, ರಿಪೋರ್ಟಿನಲ್ಲಿ ಟಿ4, ಎನ್1 ಎಂದಿದೆ (ಟಿ ಎಂದರೆ ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ ಎಂಬುದು, ಎನ್ ಎಂದರೆ ಹತ್ತಿರದ ದುಗ್ಧಗ್ರಂಥಿಗಳಿಗೆ ಎಷ್ಟು ಹರಡಿದೆ ಎಂಬುದು). ಈಗ ಎರಡು ವಾರಕ್ಕೊಮ್ಮೆ ಕಿಮೋ. ಆಕ್ಸಾಲಿಪ್ಲಾಟಿನ್ ಎಂಬ ಔಷಧಿಯನ್ನು ಆಸ್ಪತ್ರೆಯಲ್ಲೇ ಡ್ರಿಪ್‌ ಮೂಲಕ ಕೊಡುತ್ತಾರೆ. ಇನ್ನೊಂದನ್ನು 46 ಗಂಟೆ ಓಡುವ ಪಂಪಿಗೆ ತುಂಬಿಸಿ ಮನೆಗೆ ಕಳುಹಿಸುತ್ತಾರೆ. ಒಟ್ಟು 12 ಸಲ ಎಂದು ಬರೆದಿದ್ದಾರೆ. 6 ಮುಗಿದಿವೆ. ಏಳನೆಯದಕ್ಕೆ ಬರುವುದೇ ಇಲ್ಲ ಎಂದು ಅಪ್ಪ ಹಟ ಹಿಡಿದು ಕೂತಿದ್ದಾರೆ.

ಕಾರಣ ಬೆರಳು. ಮೊದಲೆಲ್ಲ ತಣ್ಣೀರು ಮುಟ್ಟಿದರೆ ಮಾತ್ರ ಸೂಜಿ ಚುಚ್ಚಿದಂತಾಗುತ್ತಿತ್ತು, ಎರಡು ಮೂರು ದಿನದಲ್ಲಿ ಹೋಗುತ್ತಿತ್ತು. ಈಗ ಹೋಗುತ್ತಿಲ್ಲ. ಅಪ್ಪ ಹನ್ನೆರಡನೇ ವಯಸ್ಸಿನಿಂದ ಕುಣಿ ಮಗ್ಗದಲ್ಲಿ ಕೂತವರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಬೇಕು. ಕಣ್ಣು ಮಂಜಾದ ಮೇಲೆ ಅಪ್ಪ ಅದನ್ನು ಬೆರಳಿನಲ್ಲೇ ನೋಡಿ ಮಾಡುತ್ತಿದ್ದರು. ಈಗ ರೇಷ್ಮೆ ಎಳೆ ಕೈಯಲ್ಲಿದೆಯೋ ಇಲ್ಲವೋ ತಿಳಿಯುವುದಿಲ್ಲ ಎನ್ನುತ್ತಾರೆ.

ಕಳೆದ ಸಲ ವೈದ್ಯರು ಕೇಳಿದರು: "ಶರ್ಟಿನ ಗುಂಡಿ ಹಾಕಿಕೊಳ್ಳುತ್ತೀರಾ?" ಅಪ್ಪ "ಹಾಕಿಕೊಳ್ಳುತ್ತೇನೆ" ಎಂದರು. ಹಾಗಾದರೆ ಮುಂದುವರಿಸೋಣ ಎಂದು ಅವರು ಬರೆದರು. ಎರಡು ನಿಮಿಷವೂ ಆಗಲಿಲ್ಲ.

ನಾನು ಮತ್ತು ಅಣ್ಣ ಎಷ್ಟು ಹೇಳಿದರೂ ಕೇಳುತ್ತಿಲ್ಲ. ಜೀವ ಉಳಿದರೆ ಬೆರಳು, ಬೆರಳಿಗಾಗಿ ಜೀವ ಬಿಡುತ್ತಾರೆಯೇ ಎಂದು ನಾನು ಜೋರಾಗಿಯೇ ಕೇಳಿಬಿಟ್ಟೆ. ಆಮೇಲೆ ಅತ್ತುಬಿಟ್ಟೆ. ಅವರನ್ನು ಒಪ್ಪಿಸುವುದು ಹೇಗೆ, ದಯವಿಟ್ಟು ಹೇಳಿ.


ಹಾಸನದಿಂದ ಒಬ್ಬ ಮಗ
ಭಾನುವಾರ, ರಾತ್ರಿ 11.25

ಅಕ್ಕಾ, ಒಪ್ಪಿಸುವ ದಾರಿಯನ್ನು ನಾನು ಹೇಳಲಾರೆ. ನನ್ನ ತಾಯಿಯನ್ನು ನಾನು ಒಪ್ಪಿಸಿದ್ದೆ.

ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿತ್ತು. ಎರಡು ಬಗೆಯ ಕಿಮೋ ಮುಗಿದ ಮೇಲೆ ಮೂರನೆಯದನ್ನು ಕೊಡಬಹುದು, ಆದರೆ ಹೆಚ್ಚು ನಿರೀಕ್ಷೆ ಬೇಡ ಎಂದು ವೈದ್ಯರು ಹೇಳಿದರು. ಅವರ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು "ಕೊಡಬಹುದು" ಎಂಬ ಒಂದೇ ಪದ. ಅಮ್ಮ ಊರಿಗೆ ಕರೆದುಕೊಂಡು ಹೋಗು ಎಂದರು. ನಾನು ಕಾಲು ಹಿಡಿದು ಒಪ್ಪಿಸಿದೆ. ಎರಡನೇ ಸಲದ ನಂತರ ರಕ್ತದ ಕೌಂಟ್ ಬಿದ್ದು ಸೋಂಕಾಯಿತು. ಕೊನೆಯ ಹನ್ನೊಂದು ದಿನ ಐಸಿಯುನಲ್ಲಿ ಕಳೆದವು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ನೋಡಲು ಬಿಡುತ್ತಿದ್ದರು.

ಆಗ ನಾನು ಯಾವುದನ್ನು ತೂಗುತ್ತಿದ್ದೆ ಎಂದು ಈಗ ಪ್ರಾಮಾಣಿಕವಾಗಿ ಹೇಳುತ್ತೇನೆ. ಅಮ್ಮನ ತಿಂಗಳುಗಳನ್ನಲ್ಲ. ಹದಿಮೂರನೇ ದಿನ ಊಟಕ್ಕೆ ಬಂದವರು "ಇನ್ನೊಂದು ಕಡೆ ತೋರಿಸಬಹುದಿತ್ತಲ್ಲವೇ?" ಎಂದು ಕೇಳಿದರೆ ನಾನು ಏನು ಹೇಳಬೇಕು, ಅದನ್ನು. ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಊರಿಗೆ ಹೋಗುತ್ತೇನೆ ಎಂದ ಅಮ್ಮನಿಗೆ ಕೊಡಬೇಕಾದ ಉತ್ತರ ಮಾತ್ರ ಇಂದಿಗೂ ನನ್ನಲ್ಲಿಲ್ಲ.

ನಿಮ್ಮ ತಂದೆಯವರ ವಿಷಯ ಬೇರೆ. ಅದು ಗುಣವಾಗುವ ಹಂತ, ಗೊತ್ತು. ಆದರೂ ಒಪ್ಪಿಸುವ ಮೊದಲು ಕೇಳಿ ಎಂದಷ್ಟೇ ನನ್ನ ಬೇಡಿಕೆ.


ಕ್ಯಾನ್ಸರ್ ವೈದ್ಯ, ಮೈಸೂರು
ಸೋಮವಾರ, ಬೆಳಿಗ್ಗೆ 6.15

ನಾನು ನಿಮ್ಮ ತಂದೆಯವರ ವೈದ್ಯನಲ್ಲ. ಕಡತ ನೋಡದೆ ಚಿಕಿತ್ಸೆ ಹೇಳುವುದು ತಪ್ಪು. ಆದರೆ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಸಂಗತಿಗಳನ್ನು ನೀವು ತಿಳಿದುಕೊಂಡೇ ಮುಂದಿನ ಭೇಟಿಗೆ ಹೋಗಬೇಕು.

ಮೂರನೇ ಹಂತದ ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಸೇರಿದ ಕಿಮೋವನ್ನು ಆರು ತಿಂಗಳು ಕೊಡಬೇಕೇ, ಮೂರು ತಿಂಗಳು ಸಾಕೇ? ಇದನ್ನು ತಿಳಿಯಲು ಹಲವು ದೇಶಗಳ ಆರು ಪ್ರಯೋಗಗಳನ್ನು ಒಟ್ಟುಗೂಡಿಸಿದರು. 12,834 ರೋಗಿಗಳು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು, ಅದನ್ನು ಐಡಿಯಾ ಅಧ್ಯಯನ ಎನ್ನುತ್ತೇವೆ. ಅಪಾಯ ಕಡಿಮೆ ಇರುವವರಲ್ಲಿ, ಎಂದರೆ ಟಿ1ರಿಂದ ಟಿ3, ಎನ್1 ಇರುವವರಲ್ಲಿ, ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು: ಮೂರು ವರ್ಷ ರೋಗ ಮರಳದೆ ಇದ್ದವರು 83.1 ಮತ್ತು 83.3 ಪ್ರತಿಶತ. ನಿಮ್ಮ ತಂದೆಯವರದು ಟಿ4, ಎಂದರೆ ಅಪಾಯ ಹೆಚ್ಚಿರುವ ಗುಂಪು. ಆ ಗುಂಪಿನಲ್ಲಿ, ಅವರಿಗೆ ಕೊಡುತ್ತಿರುವಂತಹ ಪಂಪಿನ ಕಿಮೋ ಪಡೆದವರ ಅಂಕಿ ಹೀಗಿದೆ: ಮೂರು ತಿಂಗಳಿಗೆ 61.5, ಆರು ತಿಂಗಳಿಗೆ 64.7. ನೂರು ಜನರಲ್ಲಿ ಸುಮಾರು ಮೂವರಿಗೆ ಉಳಿದ ಆರು ಸಲದಿಂದ ಲಾಭ.

ಇನ್ನೊಂದು ಕಡೆ ನೋಡಿ. ಇದೇ ಕಿಮೋದಲ್ಲಿ ನರಗಳಿಗೆ ಗಮನಾರ್ಹ ತೊಂದರೆ ಆದವರು ಮೂರು ತಿಂಗಳಿಗೆ 16.6 ಪ್ರತಿಶತ, ಆರು ತಿಂಗಳಿಗೆ 47.7 ಪ್ರತಿಶತ. ಬಹಳ ಜನರಿಗೆ ಕ್ರಮೇಣ ಕಡಿಮೆಯಾಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಜೋಮು ಹೆಚ್ಚುತ್ತಾ ಹೋಗಬಹುದು.

ಗುಂಡಿಯ ಪ್ರಶ್ನೆಯ ಬಗ್ಗೆ ಹೇಳಲೇಬೇಕು. ಅದು ಉಡಾಫೆಯ ಪ್ರಶ್ನೆಯಲ್ಲ. ನರದ ತೊಂದರೆಯನ್ನು ನಾವು ದರ್ಜೆಗಳಲ್ಲಿ ಅಳೆಯುತ್ತೇವೆ. ಬಟ್ಟೆ ಹಾಕಿಕೊಳ್ಳುವುದು, ಊಟ ಮಾಡುವುದು ಕಷ್ಟವಾದರೆ ಮೂರನೇ ದರ್ಜೆ. ಅಲ್ಲಿ ಔಷಧಿ ನಿಲ್ಲಿಸುತ್ತೇವೆ. ಅದಕ್ಕಿಂತ ಕೆಳಗಿದ್ದರೆ ಪ್ರಮಾಣ ತಗ್ಗಿಸಬಹುದು, ಮುಂದುವರಿಸಲೂಬಹುದು. ಗುಂಡಿ ಹಾಕಿಕೊಳ್ಳುವವರು ಆ ಪಟ್ಟಿಯ ಪ್ರಕಾರ ಪರವಾಗಿಲ್ಲದವರು. ಆ ಪಟ್ಟಿಯಲ್ಲಿ ರೇಷ್ಮೆ ಎಳೆ ಇಲ್ಲ. ನಿಮ್ಮ ಪತ್ರ ಓದಿದ ಮೇಲೆ ನಾನು ಎಷ್ಟು ಜನರಿಗೆ ಗುಂಡಿಯ ಪ್ರಶ್ನೆಯೊಂದನ್ನೇ ಕೇಳಿ ಕಳುಹಿಸಿದ್ದೇನೆ ಎಂದು ಯೋಚಿಸುತ್ತಿದ್ದೇನೆ.

ಕೊನೆಗೆ ಒಂದು: ಮುಂದುವರಿಸುವುದು ಅಥವಾ ಬಿಡುವುದು ಎಂಬ ಎರಡೇ ದಾರಿಗಳಿಲ್ಲ. ಆಕ್ಸಾಲಿಪ್ಲಾಟಿನ್ ಒಂದನ್ನೇ ಕೈಬಿಟ್ಟು ಉಳಿದ ಔಷಧಿಯನ್ನು ಮುಂದುವರಿಸುವುದು ನಾವು ಆಗಾಗ ಮಾಡುವ ಕ್ರಮ. ಅದನ್ನು ಕೇಳಿ ನೋಡಿ.


ನೇಕಾರರ ಮಗಳು, ಇಳಕಲ್
ಸೋಮವಾರ, ಬೆಳಿಗ್ಗೆ 7.05

ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ. ಆದರೆ ನನಗೆ ಆ ಮೂವರ ಮೇಲಿಂದ ಕಣ್ಣು ಕೀಳಲಾಗುತ್ತಿಲ್ಲ. ನೂರರಲ್ಲಿ ಮೂವರು ನಿಮಗೆ ಸಂಖ್ಯೆ. ಆ ಮೂವರಲ್ಲಿ ಒಬ್ಬರು ನನ್ನ ಅಪ್ಪನಾಗಿದ್ದರೆ?


ಕ್ಯಾನ್ಸರ್ ವೈದ್ಯ, ಮೈಸೂರು
ಸೋಮವಾರ, ಬೆಳಿಗ್ಗೆ 7.30

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಯಾರಲ್ಲೂ ಇಲ್ಲ. ಆದರೆ ಅದೇ ಅಂಕಿಯನ್ನು ನಾನು ಇನ್ನೊಂದು ರೀತಿ ಹೇಳಿದ್ದರೆ ನಿಮ್ಮ ಮನಸ್ಸು ಬೇರೆ ಕಡೆ ವಾಲುತ್ತಿತ್ತು ಎಂಬುದನ್ನು ಗಮನಿಸಿ. "ನೂರರಲ್ಲಿ 97 ಜನರಿಗೆ ಉಳಿದ ಆರು ಸಲದಿಂದ ಏನೂ ಬದಲಾಗುವುದಿಲ್ಲ, ಅವರ ಬೆರಳಿನ ಹೊರತು" ಎಂದೂ ಹೇಳಬಹುದಿತ್ತು. 1982ರಲ್ಲಿ ಅಮೆರಿಕದ ಬಾರ್ಬರಾ ಮೆಕ್ನೀಲ್, ಅಮೋಸ್ ಟ್ವರ್ಸ್ಕಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಶ್ವಾಸಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಂದು ಜನರನ್ನು ಕೇಳಿದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನೂರರಲ್ಲಿ 90 ಜನ ಅದನ್ನು ದಾಟಿ ಬದುಕುತ್ತಾರೆ ಎಂದಾಗ ಅದನ್ನು ಆರಿಸಿದವರಿಗಿಂತ, ನೂರರಲ್ಲಿ 10 ಜನ ಆ ವೇಳೆ ಸಾಯುತ್ತಾರೆ ಎಂದಾಗ ಆರಿಸಿದವರು ಕಡಿಮೆ. ಎರಡೂ ಒಂದೇ ಮಾತು. ವೈದ್ಯರೂ ಅದೇ ರೀತಿ ವಾಲಿದರು. ಆದ್ದರಿಂದ ಯಾವುದೇ ಅಂಕಿಯನ್ನು ಎರಡೂ ಬದಿಯಿಂದ ಹೇಳಿಸಿಕೊಳ್ಳಿ. ನಮ್ಮನ್ನು ತಡೆದು ಕೇಳುವ ಹಕ್ಕು ನಿಮಗಿದೆ.


ನಾಲ್ಕನೇ ಹಂತ
ಸೋಮವಾರ, ಮಧ್ಯಾಹ್ನ 12.50

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಮಕ್ಕಳು ಮಾತನಾಡಿದರು, ವೈದ್ಯರು ಮಾತನಾಡಿದರು. ಕಾಯಿಲೆ ಇರುವವಳು ನಾನು, ನನಗೂ ಒಂದು ಮಾತಿದೆ.

ನನಗೆ 44. ಸ್ತನದ ಕ್ಯಾನ್ಸರ್ ಮೂಳೆಗೂ ಯಕೃತ್ತಿಗೂ ಹೋಗಿದೆ. ಈ ಚರ್ಚೆ ಒಂದು ಕಡೆ ಜಾರುತ್ತಿರುವುದು ಕಂಡು ಬರೆಯುತ್ತಿದ್ದೇನೆ: ರೋಗಿಗೆ ನೆಮ್ಮದಿ ಬೇಕು, ಮನೆಯವರು ಬಿಡುವುದಿಲ್ಲ, ಎಂಬ ಕಡೆಗೆ. ನನ್ನ ಮನೆಯಲ್ಲಿ ತಿರುಗುಮುರುಗು. ನನ್ನ ಪತಿ ಸಾಕು ಎನ್ನುತ್ತಾರೆ. ನಾನು ವಾಂತಿ ಮಾಡುವುದನ್ನು ಅವರು ನೋಡಲಾರರು. ವೈದ್ಯರೂ ಈಗ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೃದುವಾಗಿ ಹೇಳುತ್ತಾರೆ. ಬೇಕು ಎನ್ನುವವಳು ನಾನು. ಮಗಳು ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ. ನೂರರಲ್ಲಿ ಒಂದು ಎಂದರೂ ನನಗೆ ಬೇಕು.

ನನ್ನ ಹಾಗಿನವರು ಅಪರೂಪವಲ್ಲ. 1990ರಲ್ಲಿ ಲಂಡನ್ನಿನ ಸ್ಲೆವಿನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಬಹಳ ಕಠಿಣವಾದ ಕಿಮೋವನ್ನು ಎಷ್ಟು ಸಣ್ಣ ಲಾಭಕ್ಕಾಗಿ ಒಪ್ಪಿಕೊಳ್ಳುತ್ತೀರಿ ಎಂದು ರೋಗಿಗಳನ್ನೂ ವೈದ್ಯರನ್ನೂ ದಾದಿಯರನ್ನೂ ಆರೋಗ್ಯವಂತರನ್ನೂ ಕೇಳಿದ್ದರು. ನೂರರಲ್ಲಿ ಒಂದೇ ಒಂದು ಅವಕಾಶಕ್ಕೂ ಒಪ್ಪುತ್ತೇವೆ ಎಂದವರು ರೋಗಿಗಳಲ್ಲಿ ಬಹಳ, ಉಳಿದವರಲ್ಲಿ ಬಹಳ ಕಡಿಮೆ. ದಡದಲ್ಲಿ ನಿಂತವರಿಗೆ ಹುಲ್ಲುಕಡ್ಡಿ ಹುಲ್ಲುಕಡ್ಡಿಯಾಗಿಯೇ ಕಾಣುತ್ತದೆ.

ಮಗಳೇ, ನಿಮ್ಮ ಅಪ್ಪ ಬೇಡ ಎಂದರೆ ಅದು ಅವರ ಮಾತು, ನಾನು ಬೇಕು ಎಂದರೆ ಅದು ನನ್ನ ಮಾತು. ನಮ್ಮಿಬ್ಬರ ಪರವಾಗಿ ಯಾರೂ ಊಹೆ ಮಾಡಬಾರದು.


ಹಾಸನದಿಂದ ಒಬ್ಬ ಮಗ
ಸೋಮವಾರ, ಮಧ್ಯಾಹ್ನ 1.20

ಮೇಡಂ, ನನ್ನ ಬರಹ ನಿಮಗೆ ನೋವು ಕೊಟ್ಟಿದ್ದರೆ ಕ್ಷಮಿಸಿ. ನೀವು ಹೇಳಿದ್ದು ನಿಜ. ನಾನು ಅಮ್ಮನ ಬದಲು ಈಗಲೂ ನನ್ನ ಪಶ್ಚಾತ್ತಾಪವನ್ನೇ ಎಲ್ಲರಿಗೂ ಹಂಚುತ್ತಿದ್ದೇನೆ ಅನ್ನಿಸಿತು.


ಅರಸೀಕೆರೆ ಕಡೆಯ ರೈತ
ಸೋಮವಾರ, ಸಂಜೆ 6.10

ನನ್ನ ಹೆಂಡತಿಗೆ ಸ್ತನದಲ್ಲಿ ಗಡ್ಡೆ, ಆರಂಭದ ಹಂತ. ಗಡ್ಡೆಯಷ್ಟೇ ತೆಗೆದು ಆಮೇಲೆ ಕರೆಂಟು (ವಿಕಿರಣ) ಕೊಡುವುದು ಒಂದು ದಾರಿ, ಪೂರ್ತಿ ಸ್ತನವನ್ನೇ ತೆಗೆಯುವುದು ಇನ್ನೊಂದು ದಾರಿ, ಆಯುಷ್ಯದ ಲೆಕ್ಕದಲ್ಲಿ ಎರಡೂ ಸಮ ಎಂದು ವೈದ್ಯೆ ಚಿತ್ರ ಬರೆದು ವಿವರಿಸಿದರು. ಉಳಿಸಿಕೊಳ್ಳುವುದೇ ಒಳ್ಳೆಯದು ಎಂಬುದು ಅವರ ಮನಸ್ಸಿನಲ್ಲಿತ್ತು. ನನ್ನವಳು ಕೇಳಿದ್ದು ಒಂದೇ: "ಕರೆಂಟಿಗೆ ಎಷ್ಟು ದಿನ ಬರಬೇಕು?" ಐದು ವಾರ, ವಾರಕ್ಕೆ ಐದು ದಿನ. ಪೂರ್ತಿ ತೆಗೆಯಿರಿ ಎಂದಳು.

ವೈದ್ಯೆ ಬೇಸರ ಮಾಡಿಕೊಂಡರು, ನಿಮ್ಮ ದೇಹದ ಬಗ್ಗೆ ಯೋಚಿಸಿ ಎಂದರು. ಯೋಚಿಸಿಯೇ ಹೇಳಿದ್ದಳು. ಎರಡು ಎಮ್ಮೆ, ಹಾಸಿಗೆ ಹಿಡಿದ ನನ್ನ ತಾಯಿ, ಬೆಂಗಳೂರಿನಲ್ಲಿ ಐದು ವಾರದ ಬಾಡಿಗೆ. ಆ ಲೆಕ್ಕ ಆಸ್ಪತ್ರೆಯ ಕಾಗದದ ಮೇಲೆ ಇರಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ರಾತ್ರಿ ಹೇಳಿದಳು, "ಹತ್ತಿರದಲ್ಲೇ ಮಷೀನು ಇದ್ದಿದ್ದರೆ ಉಳಿಸಿಕೊಳ್ಳುತ್ತಿದ್ದೆ" ಎಂದು. ಅಷ್ಟು ದಿನ ನನಗೆ ಗೊತ್ತೇ ಇರಲಿಲ್ಲ.


ಕ್ಯಾನ್ಸರ್ ವೈದ್ಯ, ಮೈಸೂರು
ಸೋಮವಾರ, ರಾತ್ರಿ 9.00

ಈ ಮಾತು ನನ್ನ ಎದೆಗೆ ನಾಟಿತು. ಇತರರಿಗೆ ಉಪಯೋಗವಾಗಲೆಂದು ಹೇಳುತ್ತೇನೆ: ಬಹಳಷ್ಟು ಮಹಿಳೆಯರಿಗೆ ಸ್ತನದ ವಿಕಿರಣವನ್ನು ಈಗ ಮೂರು ವಾರದಲ್ಲಿ, 15 ಸಲದಲ್ಲಿ ಮುಗಿಸಬಹುದು. ಬ್ರಿಟನ್ನಿನ ಪ್ರಯೋಗಗಳು ಅದನ್ನು ತೋರಿಸಿ ವರ್ಷಗಳಾದವು. 2020ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಒಂದೇ ವಾರದ ಐದು ಸಲವೂ ಸಮ ಎಂದು ಕಂಡಿತು. ಎಲ್ಲರಿಗೂ ಹೊಂದುವುದಿಲ್ಲ. ಆದರೆ "ಇದನ್ನು ಕಡಿಮೆ ದಿನದಲ್ಲಿ ಮುಗಿಸಲು ಬರುತ್ತದೆಯೇ?" ಎಂದು ಖಂಡಿತ ಕೇಳಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಮ್ಮೆಗೆ ಹುಲ್ಲು ಹಾಕುವವರನ್ನು ಮಾತ್ರ ಯಾವ ಯೋಜನೆಯೂ ಕೊಡುವುದಿಲ್ಲ.


ಲೀಡ್ಸ್ ಕನ್ನಡಿಗ
ಮಂಗಳವಾರ, ರಾತ್ರಿ 1.35

ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಅನುಭವ. 63ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು, ಗ್ರಂಥಿಯ ಒಳಗೇ ಇದೆ, ಅಪಾಯ ಕಡಿಮೆ. ಶಸ್ತ್ರಚಿಕಿತ್ಸೆ, ವಿಕಿರಣ, ಇಲ್ಲವೇ ಆಗಾಗ ಪರೀಕ್ಷಿಸುತ್ತಾ ಕಾಯುವುದು, ಮೂರನ್ನೂ ನನ್ನ ಮುಂದೆ ಇಟ್ಟರು. ಆರಿಸುವುದು ನಿಮ್ಮ ಕೆಲಸ ಎಂದರು. ಇಲ್ಲೇ ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಈ ಮೂರು ಗುಂಪು ಮಾಡಿ 15 ವರ್ಷ ನೋಡಿದ್ದಾರೆ. ಪ್ರೊಟೆಕ್ಟ್ ಎಂದು ಅದರ ಹೆಸರು, 2023ರಲ್ಲಿ ಆ ವರದಿ ಬಂತು. ಯಾವ ಗುಂಪಿನಲ್ಲೇ ಇರಲಿ, ಆ ಕ್ಯಾನ್ಸರಿನಿಂದ ಸತ್ತವರು ನೂರರಲ್ಲಿ ಎರಡು ಮೂರು ಜನ. ನಾನು ಕಾಯುವುದನ್ನು ಆರಿಸಿದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಎರಡು ತಿಂಗಳು ಮಾತು ಬಿಟ್ಟ. ಅಲ್ಲಿ ದುಡ್ಡು ಉಳಿಸಲು ನಿನ್ನನ್ನು ಕಾಯಿಸುತ್ತಿದ್ದಾರೆ, ಇಲ್ಲಿಗೆ ಬಾ, ನಾಳೆಯೇ ತೆಗೆಸುತ್ತೇನೆ ಎಂದ. ಪ್ರೀತಿಯಿಂದಲೇ ಹೇಳಿದ. ಕ್ಯಾನ್ಸರ್ ಎಂಬ ಪದ ಕೇಳಿ ಕೈಕಟ್ಟಿ ಕೂರುವುದು ನಮ್ಮವರ ಕಣ್ಣಿಗೆ ಅಪರಾಧದಂತೆ ಕಾಣುತ್ತದೆ. ನಾನು ತೂಗಿದ್ದು ಮೂತ್ರ ಹಿಡಿದುಕೊಳ್ಳುವ ಶಕ್ತಿಯನ್ನು, ದಾಂಪತ್ಯವನ್ನು. ಅದನ್ನು ತಮ್ಮನಿಗೆ ಫೋನಿನಲ್ಲಿ ಹೇಳಲು ನಾಚಿಕೆ. ಹೀಗೆ ನಿಜವಾದ ಕಾರಣ ಬಾಯಿಗೆ ಬರಲೇ ಇಲ್ಲ.


ಕಿಮೋ ವಾರ್ಡಿನ ನರ್ಸ್
ಮಂಗಳವಾರ, ಬೆಳಿಗ್ಗೆ 5.50

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ. ನಿಜವಾದ ಕಾರಣ ಬಾಯಿಗೆ ಬರುವುದಿಲ್ಲ ಎಂದಿರಿ. ಬರುತ್ತದೆ, ನಮ್ಮ ಹತ್ತಿರ. ನರ ಹುಡುಕುವಾಗ ಬರುತ್ತದೆ. ಕೈ ನನ್ನ ಕೈಯಲ್ಲಿರುತ್ತದೆ, ಮುಖ ಆ ಕಡೆ ತಿರುಗಿರುತ್ತದೆ, ಆಗ ಹೇಳುತ್ತಾರೆ. "ಸಿಸ್ಟರ್, ಎರಡು ವಾರದಿಂದ ಕಿವಿಯಲ್ಲಿ ಗುಂಯ್ ಎನ್ನುತ್ತಿದೆ." ವೈದ್ಯರಿಗೆ ಹೇಳಿದಿರಾ ಎಂದರೆ ಇಲ್ಲ. ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ ಎಂಬ ಭಯ ಕೆಲವರಿಗೆ. ದೊಡ್ಡ ಡಾಕ್ಟರಿಗೆ ಸಣ್ಣ ವಿಷಯ ಏಕೆ ಎಂಬ ಸಂಕೋಚ ಇನ್ನು ಕೆಲವರಿಗೆ. ಬಹಳ ಜನರಿಗೆ ಪಕ್ಕದಲ್ಲಿ ಕೂತ ಮಗನ ಭಯ. ಅಪ್ಪ ಬಾಯಿ ತೆರೆಯುವ ಮೊದಲೇ "ಆರಾಮಾಗಿದ್ದಾರೆ ಸರ್" ಎಂದು ಮಗ ಉತ್ತರ ಕೊಟ್ಟಿರುತ್ತಾನೆ.

ನಾವು "ರೋಗಿಯ ಕಡೆಯವರು ಯಾರು?" ಎಂದು ಕೂಗುತ್ತೇವಲ್ಲ, ಕಾಗದಕ್ಕೆ ಸಹಿಯೂ ಅವರದೇ, ವಿವರಣೆಯೂ ಅವರಿಗೇ. ರೋಗಿಯನ್ನು ಹೊರಗೆ ಕೂರಿಸಿ ಒಳಗೆ ಮಾತಾಡುವುದನ್ನು ನಾನು ದಿನವೂ ನೋಡುತ್ತೇನೆ. ಹೊರಗೆ ಕೂತವರಿಗೆ ಒಳಗಿನ ವಿಷಯ ಗೊತ್ತಿರುತ್ತದೆ. ಅವರು ನಮ್ಮ ಮುಖ ನೋಡಿಯೇ ಓದಿಕೊಳ್ಳುತ್ತಾರೆ.

ಇಳಕಲ್ ಅಕ್ಕ, ಮುಂದಿನ ಸಲ ವೈದ್ಯರ ಕೋಣೆಯಲ್ಲಿ ಮೊದಲ ಐದು ನಿಮಿಷ ನೀವು ಮಾತಾಡಬೇಡಿ. ಅಷ್ಟೇ ಮಾಡಿ.


ಶಿರಸಿ ಅಳಿಯ
ಮಂಗಳವಾರ, ಬೆಳಿಗ್ಗೆ 11.15

ರೋಗಿಗೆ ಎಲ್ಲವನ್ನೂ ಹೇಳಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಾವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ನಾವು ಹೇಳಲಿಲ್ಲ. ಹೊಟ್ಟೆ ಹುಣ್ಣು ಎಂದೆವು. ಕೊನೆಯ ತಿಂಗಳವರೆಗೂ ಅಡಿಕೆ ತೋಟಕ್ಕೆ ಹೋಗಿ ಬಂದರು, ಯಕ್ಷಗಾನ ನೋಡಿದರು. ಹೇಳಿದ್ದರೆ ಆ ದಿನವೇ ಮಲಗಿಬಿಡುತ್ತಿದ್ದರು. ಅವರ ಸ್ವಭಾವ ನಮಗೆ ಗೊತ್ತು, ವೈದ್ಯರಿಗೆ ಗೊತ್ತಿಲ್ಲ.


ನಾಲ್ಕನೇ ಹಂತ
ಮಂಗಳವಾರ, ಬೆಳಿಗ್ಗೆ 11.40

ಅವರು ಯಾರಿಗಾದರೂ ಏನಾದರೂ ಹೇಳಬೇಕಾಗಿತ್ತೇನೋ. ತೋಟ ಯಾರಿಗೆ, ಸಾಲ ಎಷ್ಟು, ಯಾರ ಮೇಲೆ ಕೋಪ ಉಳಿದಿದೆ. ಹೊಟ್ಟೆ ಹುಣ್ಣಿನವನು ಅದನ್ನೆಲ್ಲ ಮುಂದಿನ ವರ್ಷಕ್ಕೆ ಇಡುತ್ತಾನೆ.


ಶಿರಸಿ ಅಳಿಯ
ಮಂಗಳವಾರ, ಮಧ್ಯಾಹ್ನ 12.30

ನಿಮ್ಮ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊನೆಯ ವಾರ ಅತ್ತೆಯ ಕೈ ಹಿಡಿದು "ನನಗೆ ಗೊತ್ತಿತ್ತು" ಎಂದರಂತೆ. ನಾವು ಅವರನ್ನು ಕಾಪಾಡಿದೆವೋ, ಅವರೇ ನಮ್ಮನ್ನು ಕಾಪಾಡಿದರೋ. ಆದರೂ ಎಲ್ಲ ಮನೆಗೂ ಒಂದೇ ನಿಯಮ ಎನ್ನಬೇಡಿ.


ಕಲಬುರಗಿಯಿಂದ
ಮಂಗಳವಾರ, ಮಧ್ಯಾಹ್ನ 3.05

ನನ್ನ ಅಣ್ಣನಿಗೆ ಬಾಯಿ ಕ್ಯಾನ್ಸರ್, ಗುಟ್ಕಾದಿಂದ. ಶಸ್ತ್ರಚಿಕಿತ್ಸೆ, ಕರೆಂಟು ಎಲ್ಲ ಆಗಿ ಮತ್ತೆ ಬಂದಿದೆ. ಗುಣವಾಗುವುದಿಲ್ಲ ಎಂದಿದ್ದಾರೆ. ಡ್ರಿಪ್ ಹಾಕುವುದನ್ನು ಬಿಟ್ಟು ಬರೀ ಮಾತ್ರೆ ಕೊಟ್ಟು ಕಳುಹಿಸಿದರು. ನಾವು ಬಡವರೆಂದು ಹೀಗೆ ಮಾಡಿದರು ಎಂದು ಅತ್ತಿಗೆ ಮೂರು ದಿನದಿಂದ ಊಟ ಬಿಟ್ಟಿದ್ದಾರೆ. ಇದು ಸರಿಯೇ ಡಾಕ್ಟರ್?


ಕ್ಯಾನ್ಸರ್ ವೈದ್ಯ, ಮೈಸೂರು
ಮಂಗಳವಾರ, ರಾತ್ರಿ 8.45

ಬಹುಶಃ ಮೆಥೋಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಮಾತ್ರೆಗಳಿರಬೇಕು, ಚೀಟಿಯಲ್ಲಿ ನೋಡಿ. ಹೌದಾದರೆ ಅತ್ತಿಗೆಗೆ ದಯವಿಟ್ಟು ಇದನ್ನು ಓದಿ ಹೇಳಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ನಿಮ್ಮ ಅಣ್ಣನಂತಹ 422 ರೋಗಿಗಳಲ್ಲಿ ಅರ್ಧ ಜನರಿಗೆ ಈ ಅಗ್ಗದ ಮಾತ್ರೆ, ಅರ್ಧ ಜನರಿಗೆ ಡ್ರಿಪ್ಪಿನ ಸಿಸ್‌ಪ್ಲಾಟಿನ್ ಕೊಟ್ಟು ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾತ್ರೆಯವರ ಬದುಕಿನ ಮಧ್ಯಾಂಕ, ಎಂದರೆ ಅರ್ಧ ಜನ ಬದುಕಿ ದಾಟಿದ ಅವಧಿ, 7.5 ತಿಂಗಳು, ಡ್ರಿಪ್ಪಿನವರದು 6.1 ತಿಂಗಳು. ಮಾತ್ರೆಯವರಿಗೆ ತೀವ್ರ ಅಡ್ಡಪರಿಣಾಮವೂ ಕಡಿಮೆ. ಅದಾದ ಮೇಲೆ ಅದೇ ಆಸ್ಪತ್ರೆಯವರು ಈ ಎರಡು ಮಾತ್ರೆಗಳಿಗೆ ಎರ್ಲೋಟಿನಿಬ್ ಎಂಬ ಮಾತ್ರೆಯನ್ನೂ ಕೂಡಿಸಿ, ಅವುಗಳ ಜೊತೆಗೆ ನಿವೊಲುಮ್ಯಾಬ್ ಎಂಬ ದುಬಾರಿ ಔಷಧಿಯನ್ನು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಮಾತ್ರ, ಎಂದರೆ ವಾಡಿಕೆಯ ಪ್ರಮಾಣದ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಸೇರಿಸಿ ನೋಡಿದರು. ಒಂದು ವರ್ಷ ಬದುಕಿದವರು 16.3 ಪ್ರತಿಶತದಿಂದ 43.4ಕ್ಕೆ ಏರಿದರು. ಇದು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಡ್ರಿಪ್ ಎಂದರೆ ದೊಡ್ಡ ಚಿಕಿತ್ಸೆ, ಮಾತ್ರೆ ಎಂದರೆ ಕೈಬಿಟ್ಟ ಹಾಗೆ ಎಂಬ ಭಾವನೆಯನ್ನು ನಾನು ದಿನವೂ ಕಾಣುತ್ತೇನೆ. ಮನೆಯವರನ್ನು ದೂರುವುದಿಲ್ಲ. ಮಾತ್ರೆ ಏಕೆ ಎಂದು ಹೇಳದೆ ಚೀಟಿ ಕೊಟ್ಟವರ ತಪ್ಪು ಅದು.

ಇನ್ನೊಂದು ತಪ್ಪೂ ನಮ್ಮದೇ. ಅಮೆರಿಕದಲ್ಲಿ ಹರಡಿದ ಕ್ಯಾನ್ಸರಿಗೆ ಕಿಮೋ ಪಡೆಯುತ್ತಿದ್ದವರನ್ನು ಕೇಳಿ 2012ರಲ್ಲಿ ಪ್ರಕಟಿಸಿದರು: ಈ ಕಿಮೋ ರೋಗವನ್ನು ಗುಣಪಡಿಸುವ ಸಾಧ್ಯತೆ ಇಲ್ಲ ಎಂಬುದು ಶ್ವಾಸಕೋಶದ ಕ್ಯಾನ್ಸರಿನ 69 ಪ್ರತಿಶತ, ಕರುಳಿನ ಕ್ಯಾನ್ಸರಿನ 81 ಪ್ರತಿಶತ ರೋಗಿಗಳಿಗೆ ಮನದಟ್ಟಾಗಿರಲಿಲ್ಲ. "ಔಷಧಿ ಕೆಲಸ ಮಾಡುತ್ತಿದೆ" ಎಂದು ನಾವು ಹೇಳುವಾಗ ಗಡ್ಡೆ ಕುಗ್ಗಿದೆ ಎಂದು ನಮ್ಮ ಅರ್ಥ. ಕೇಳುವವರಿಗೆ ಗುಣವಾಗುತ್ತಿದೆ ಎಂದು ಅರ್ಥ. ಆ ತಪ್ಪು ತಿಳಿವಳಿಕೆ ಎರಡೂ ಕಡೆಯವರಿಗೆ ಅನುಕೂಲ, ಆದ್ದರಿಂದಲೇ ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ.


ಬೆಂಗಳೂರು, ಉಪಶಾಮಕ ಆರೈಕೆಯ ಸ್ವಯಂಸೇವಕಿ
ಬುಧವಾರ, ಬೆಳಿಗ್ಗೆ 9.20

ಕಲಬುರಗಿಯವರಿಗೆ ಮತ್ತು ನಾಲ್ಕನೇ ಹಂತದ ಅಕ್ಕನಿಗೆ. ನೋವು ನಿವಾರಣೆಯ ವೈದ್ಯರನ್ನು ಕಾಣುವುದೆಂದರೆ ಚಿಕಿತ್ಸೆ ಬಿಟ್ಟ ಹಾಗಲ್ಲ. ಎರಡನ್ನೂ ಜೊತೆಗೇ ಪಡೆಯಬಹುದು. 2010ರಲ್ಲಿ ಬಾಸ್ಟನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರಲ್ಲಿ ಅರ್ಧದಷ್ಟು ಜನರಿಗೆ ರೋಗ ಪತ್ತೆಯಾದ ಹೊಸದರಲ್ಲೇ ಉಪಶಾಮಕ ಆರೈಕೆಯನ್ನೂ, ಎಂದರೆ ನೋವು, ಸಂಕಟ ತಗ್ಗಿಸುವ ಆರೈಕೆಯನ್ನೂ, ಸೇರಿಸಿದರು. ಅವರ ಬದುಕಿನ ಗುಣಮಟ್ಟ ಉತ್ತಮವಾಯಿತು, ಕೊನೆಯಲ್ಲಿ ತೀವ್ರ ಚಿಕಿತ್ಸೆ ಪಡೆದವರು ಅವರಲ್ಲಿ ಕಡಿಮೆ, ಆದರೂ ಬದುಕಿದ್ದು ಹೆಚ್ಚು: 11.6 ತಿಂಗಳು, ಉಳಿದವರು 8.9.

ಮಾರ್ಫಿನ್ ಮಾತ್ರೆ ಎಂದರೆ ಮನೆಯವರು ಬೆಚ್ಚುತ್ತಾರೆ, ಚಟವಾಗುತ್ತದೆ ಎನ್ನುತ್ತಾರೆ. ಕ್ಯಾನ್ಸರ್ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ಆ ಭಯಕ್ಕೆ ಕಾರಣವಲ್ಲ. ಬೆಂಗಳೂರಿನ ಕರುಣಾಶ್ರಯದಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ಕಿದ್ವಾಯಿ ಸಂಸ್ಥೆಯಲ್ಲೂ ನೋವಿಗೆಂದೇ ವಿಭಾಗವಿದೆ.

ಮುಂದೆ ಮಾತಾಡುವ ಶಕ್ತಿ ಇಲ್ಲವಾದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು, 2023ರಲ್ಲಿ ಕ್ರಮವನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಹಾಸನದ ಅಣ್ಣನಂತಹ ಮಕ್ಕಳ ತಲೆಯ ಮೇಲಿನ ಭಾರವನ್ನು ಆ ಒಂದು ಹಾಳೆ ಎಷ್ಟೋ ಇಳಿಸುತ್ತದೆ.


ನಾಲ್ಕನೇ ಹಂತ
ಬುಧವಾರ, ಬೆಳಿಗ್ಗೆ 10.00

ಬೆನ್ನು ನೋವಿಗೆ ಈ ವಾರವೇ ಹೋಗುತ್ತೇನೆ. ಕಿಮೋ ಮಾತ್ರ ಬಿಡುವುದಿಲ್ಲ.


ನೇಕಾರರ ಮಗಳು, ಇಳಕಲ್
ಶುಕ್ರವಾರ, ರಾತ್ರಿ 9.30

ಎಲ್ಲರಿಗೂ ಉತ್ತರಿಸಬೇಕಿತ್ತು, ಆಗಲಿಲ್ಲ.

ಬುಧವಾರ ರಾತ್ರಿ ಅಪ್ಪನ ಹತ್ತಿರ ಕೂತೆ. ಮೊದಲು ಹಣದ ವಿಷಯ ಕೇಳಿದೆ, ಅದೇ ನಿಜವಾದ ಕಾರಣವೇನೋ ಎಂಬ ಸಂಶಯವಿತ್ತು. ಅಲ್ಲ ಎಂದರು. ಆಮೇಲೆ ಹೇಳಿದರು: "ನಾನು ಸಾಯುವುದಕ್ಕೆ ಹೆದರಿ ಆಪರೇಷನ್ ಮಾಡಿಸಿಕೊಂಡೆ, ಆರು ಸಲ ಬಂದೆ. ಬದುಕಿ ಏನು ಮಾಡಬೇಕು ಎಂದು ನೀವು ಯಾರೂ ಕೇಳಲಿಲ್ಲ. ದಿನವಿಡೀ ಕಟ್ಟೆಯ ಮೇಲೆ ಕೂತು ಬೇರೆಯವರ ಮಗ್ಗದ ಸದ್ದು ಕೇಳಬೇಕೇ?" ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ನಿನ್ನೆ ಆಸ್ಪತ್ರೆಗೆ ಹೋದೆವು. ಸಿಸ್ಟರ್ ಹೇಳಿದಂತೆ ನಾನು ಬಾಯಿ ಮುಚ್ಚಿಕೊಂಡೆ. ಬಹಳ ಕಷ್ಟವಾಯಿತು. ವೈದ್ಯರು ಮತ್ತೆ ಗುಂಡಿಯ ಪ್ರಶ್ನೆಯನ್ನೇ ಕೇಳಿದರು. ಅಪ್ಪ ಜೇಬಿನಿಂದ ರೇಷ್ಮೆ ಎಳೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟರು. "ಗುಂಡಿ ಹಾಕಿಕೊಳ್ಳುತ್ತೇನೆ ಸಾಹೇಬರೇ, ಇದು ಕೈಗೆ ಸಿಗುವುದಿಲ್ಲ" ಎಂದರು. ವೈದ್ಯರು ಕಡತ ತಿರುವಿದರು. ಉದ್ಯೋಗ ಎಂಬಲ್ಲಿ "ಕೂಲಿ" ಎಂದು ಬರೆದಿತ್ತು. ಬರೆಸಿದವಳು ನಾನೇ, ಮೊದಲ ದಿನ ಅವಸರದಲ್ಲಿ. ಅವರು ಅದನ್ನು ಹೊಡೆದು ನೇಕಾರ ಎಂದು ಬರೆದರು. ನಂತರ ಮುಕ್ಕಾಲು ಗಂಟೆ ಮಾತಾಡಿದರು.

ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ್ದಾರೆ. ಉಳಿದ ಔಷಧಿ ಇನ್ನೂ ಆರು ಸಲ. ಅದನ್ನು ಮಾತ್ರೆಯ ರೂಪದಲ್ಲೂ ಕೊಡಬಹುದು, ಎರಡು ವಾರಕ್ಕೊಮ್ಮೆ ಬರುವುದು ತಪ್ಪುತ್ತದೆ ಎಂದಾಗ ನಾನು ಸಂತೋಷಪಟ್ಟೆ. ಆದರೆ ಮಾತ್ರೆಯಲ್ಲಿ ಅಂಗೈ ಚರ್ಮ ಕೆಂಪಾಗಿ ಸುಲಿಯುವುದು ಪಂಪಿಗಿಂತ ಹೆಚ್ಚು ಎಂದು ಅವರೇ ಹೇಳಿದರು. ಅಪ್ಪ ತಕ್ಷಣ "ಪಂಪೇ ಇರಲಿ, ಬಸ್ಸಿನಲ್ಲಿ ಬರುತ್ತೇನೆ" ಎಂದರು. ಕಾಗದಕ್ಕೆ ಈ ಸಲ ಅವರೇ ಸಹಿ ಮಾಡಿದರು.

ಆ ಮೂವರು ನನ್ನ ತಲೆಯಿಂದ ಹೋಗಿಲ್ಲ. ಹೋಗುವುದೂ ಇಲ್ಲ ಅನ್ನಿಸುತ್ತದೆ. ನಿನ್ನೆ ರಾತ್ರಿಯೂ ನಿದ್ರೆ ಬರಲಿಲ್ಲ. ಅಣ್ಣ ಇನ್ನೂ ಸಿಟ್ಟಿನಲ್ಲಿದ್ದಾನೆ, ನೀನು ಅಪ್ಪನ ಮಾತಿಗೆ ಸೋತೆ ಎನ್ನುತ್ತಾನೆ.

ಸಿಸ್ಟರ್, ಒಂದು ಪ್ರಶ್ನೆ. ಪಂಪು ಇರುವ ಎರಡು ದಿನವೂ ಅಪ್ಪ ಮಗ್ಗಕ್ಕೆ ಇಳಿಯಬೇಕು ಎನ್ನುತ್ತಿದ್ದಾರೆ, ಬೆರಳಿಗೆ ಅಭ್ಯಾಸ ತಪ್ಪಬಾರದಂತೆ. ಕಾಲು ಕುಣಿಯಲ್ಲಿ ಇಟ್ಟು ಕೂರಬೇಕು, ಬಲಗೈಯಲ್ಲಿ ಲಾಳಿಯ ಹಗ್ಗ ಎಳೆಯಬೇಕು. ಔಷಧಿ ಹರಿಸಲು ಚರ್ಮದ ಕೆಳಗೆ ಕೂರಿಸಿದ ಪೋರ್ಟ್ ಬಲ ಎದೆಯ ಮೇಲಿದೆ. ಪಂಪನ್ನು ಎಲ್ಲಿ ಇಡಿಸಲಿ?


ಕಿಮೋ ವಾರ್ಡಿನ ನರ್ಸ್
ಶನಿವಾರ, ಬೆಳಿಗ್ಗೆ 6.05

ಸೊಂಟದ ಚೀಲದಲ್ಲಿ, ಎಡಗಡೆಗೆ. ಕೊಳವೆಯನ್ನು ಅಂಗಿಯ ಒಳಗಿನಿಂದ ತಂದು ಎಡ ಪಕ್ಕೆಯ ಹತ್ತಿರ ಒಂದು ಸಡಿಲ ಸುತ್ತು ಬಿಟ್ಟು ಚರ್ಮಕ್ಕೆ ಟೇಪು ಹಚ್ಚಿ, ತೋಳು ಎಳೆದರೂ ಸೂಜಿ ಎಳೆಯಬಾರದು. ಪಂಪಿಗೆ ಬಿಸಿಲು, ಒಲೆಯ ಶಾಖ ತಾಗಬಾರದು, ಔಷಧಿ ಬೇಗ ಓಡುತ್ತದೆ. ಆದರೆ ಬಲಗೈಯಿಂದ ಹಗ್ಗ ಎಳೆಯುವ ಕೆಲಸ ಪಂಪು ಇರುವ 46 ಗಂಟೆ ಬೇಡವೇ ಬೇಡ, ಸೂಜಿ ಜರುಗಿದರೆ ಔಷಧಿ ಚರ್ಮದ ಕೆಳಗೆ ಸೋರುತ್ತದೆ. ಆ ಎರಡು ದಿನ ಕಟ್ಟೆಯ ಮೇಲೆ ಕೂತು ಕೊಂಡಿ ಹಾಕುವ ಅಭ್ಯಾಸ ಮಾಡಲಿ. ಮೊದಲು ದಪ್ಪ ಹತ್ತಿ ನೂಲು ಕೊಡಿ, ಆಮೇಲೆ ರೇಷ್ಮೆ.